ಮಾರೆವ್ವನನ್ನು ಪುನಃ ಕುಡುಕಿಯೆಂದು ಘೋಷಿಸುವ ಬಗ್ಗೆ

ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮೇಲೆ ವಿರಾಜಮಾನರಾಗಿರುವ, ಕುಡಿತ ಬಿಡಿಸುವ ಮಾತಿನ ಯಂತ್ರದವರಿಗೆ,

ಮಾನ್ಯರೇ,

ತಮಗೆ ಕರೆಂಟೂ ನೆಟ್‌ವರ್ಕೂ ಏಕಕಾಲಕ್ಕೆ ದೊರೆಯುತ್ತಿರಲೆಂದು ಹಾರೈಸಿ ಈ ಪತ್ರ ಬರೆಯುತ್ತಿದ್ದೇನೆ. ಕೊಪ್ಪಳ ಜಿಲ್ಲೆಯಾದ ವರ್ಷದಿಂದ ಈ ಯಲಬುರ್ಗಾ ಸೀಮೆಗೆ ಕುಡಿತ ಬಿಡಿಸಲು ಬಂದವರನ್ನೆಲ್ಲ ನಾನು ನೋಡಿದ್ದೇನೆ. ಬೀದಿನಾಟಕದವರು ಬಂದರು; ಕುಡುಕನ ಪಾತ್ರ ಮಾಡಿದವನಿಗೇ ಊರು ಹೆಚ್ಚು ಚಪ್ಪಾಳೆ ತಟ್ಟಿತು. ಸರ್ಕಾರ ಸಾರಾಯಿ ನಿಲ್ಲಿಸಿತು. ನಮ್ಮವರು ಅದೇ ವಾರ ಬ್ರಾಂದಿಗೆ ಬಡ್ತಿ ಪಡೆದರು. ಇವರಾರೂ ಸಾಧಿಸದ್ದನ್ನು ತಾವು ಸಾಧಿಸಿದಿರಿ: ಹುಟ್ಟಿದಾರಭ್ಯ ಒಂದು ಹನಿ ಮುಟ್ಟದ ಹೆಂಗಸೊಬ್ಬಳ ಕುಡಿತ ಬಿಡಿಸಿದಿರಿ.

ನನ್ನ ಗೋಡೆಯಾಚೆಯ ನೆರೆಯವನು ಹೊನ್ನೂರಪ್ಪ. ಡಾಕ್ಟರರು ಅವನ ಹೊಟ್ಟೆ ಒತ್ತಿ ನೋಡಿ, ಇನ್ನೂ ಕುಡಿದರೆ ಲಿವರ್ ಉಳಿಯದೆಂದು ಹೇಳಿ, ಗಂಡಹೆಂಡಿರನ್ನು ತಮ್ಮ ಮುಂದೆ ಕೂರಿಸಿದರು. ನಮ್ಮ ಕಡೆ ರೋಗಿ ಮಾತಾಡುವ ಪದ್ಧತಿಯಿಲ್ಲ. ಅವನು ಸೂರು ನೋಡುತ್ತಾನೆ, ಜೊತೆಗೆ ಬಂದವರು ಹೇಳುತ್ತಾರೆ. ತಾವು ಹೆಸರು ಕೇಳಿದಿರಿ. ಹೆಂಡತಿ ಮಾರೆವ್ವ ಗಂಡನ ಹೆಸರನ್ನು ಬಾಯಲ್ಲಿ ತರುವವಳಲ್ಲ. "ಮಾರೆವ್ವ ಅಂತ ಬರಕೋರಿ" ಎಂದಳು. ಎಷ್ಟು ಸಲ ಕುಡಿಯುವುದೆಂದು ಕೇಳಿದಿರಿ. "ದಿನಾ ರೀ. ಹಬ್ಬ ಬಂದ್ರ ಮುಂಜಾನಿಂದನ" ಎಂದಳು. ತಾವು ಆ ಪ್ರಾಮಾಣಿಕತೆಯನ್ನು ಮೆಚ್ಚಿ, ಮಾರೆವ್ವನ ಚಿಕಿತ್ಸೆಯನ್ನು ಆರಂಭಿಸಿಯೇ ಬಿಟ್ಟಿರಿ.

ಅಂದಿನಿಂದ ಪ್ರತಿ ಸಂಜೆ, ಹೊನ್ನೂರಪ್ಪ ಬ್ರಾಂದಿ ಅಂಗಡಿಗೆ ಹೊರಡುವ ಹೊತ್ತಿಗೇ ಸರಿಯಾಗಿ, ಹೆಣ್ಣುದನಿಯಲ್ಲಿ ತಮ್ಮ ಫೋನು. ಮಾರೆವ್ವನಿಗೆ ಸ್ಪೀಕರ್ ಆರಿಸಲು ಬಾರದ್ದರಿಂದ ಓಣಿಗೆಲ್ಲ ಕೇಳಿತು: "ಮಾರೆವ್ವನವರೇ, ಇಂದು ಕುಡಿಯಬೇಕೆನಿಸುತ್ತಿದೆಯೇ?" ಮಾನ ಹೋಯಿತೆಂದು ಹೊನ್ನೂರಪ್ಪ ಫೋನು ಕಸಿದು, "ಏ ತಂಗಿ, ಆಕಿ ಕುಡ್ಯಂಗಿಲ್ಲ, ಕುಡ್ಯಾಂವ ನಾನು!" ಎಂದು ಕೂಗಿದ. ಡಾಕ್ಟರರೆದುರೂ ಅವನ ಬಾಯಿಂದ ಹೊರಡದ ಸತ್ಯವದು. ತಾವು ಕನಿಕರದಿಂದ, ಮನೆಯವರು ಹೀಗೆ ನಿರಾಕರಿಸುವುದು ಸಹಜವೆಂದೂ, ಸಂಜೆಯಿಡೀ ರೋಗಿಯ ಪಕ್ಕ ಒಬ್ಬರು ಕುಳಿತಿರಬೇಕೆಂದೂ, ಇಲ್ಲವಾದರೆ ಗಾಡಿ ಕಳಿಸಿ ಆಕೆಯನ್ನು ಕೊಪ್ಪಳಕ್ಕೆ ಒಯ್ದು ಸೇರಿಸಲಾಗುವುದೆಂದೂ ತಿಳಿಸಿದಿರಿ.

"ಆಕೀನ ಒಯ್ದ್ರ ನನಗ ರೊಟ್ಟಿ ಬಡಿಯೋರು ಯಾರು?" ಎಂದು ಹೊನ್ನೂರಪ್ಪ ಕುಳಿತ. ಮೊದಮೊದಲು ತಮ್ಮನ್ನು ಬೈಯುತ್ತ, ಡಾಕ್ಟರರು ಕೊಟ್ಟ ಗುಳಿಗೆ ನುಂಗುತ್ತ ಕುಳಿತ. ಆಮೇಲೆ ಶೇಂಗಾ ಸುಲಿಯುತ್ತ ಕುಳಿತ. ಮುಖದ ಬಾವು ಇಳಿಯಿತು. ಆದರೂ ತಪ್ಪು ತಪ್ಪೇ ಅಲ್ಲವೇ, ಹೆಸರು ತಿದ್ದಿಸೋಣವೆಂದು ನಾನು ಮಾರೆವ್ವನಿಗೆ ಹೇಳಿದರೆ, "ಸುಮ್ನಿರ್ರಿ ಕಾಕಾ. ಕುಡುಕಿ ಅಂದ್ರ ಅನ್ಲಿ. ಅವ್ರು ಮನ್ಯಾಗ ಅದಾರಲ್ಲ" ಎಂದಳು.

ಹೀಗಿರಲು ಕಳೆದ ವಾರ ತಾವು ಮಾಡಿದ್ದೇನು? ಕೇಳಿದಾಗಲೆಲ್ಲ "ಇಲ್ರಿ, ಕುಡದಿಲ್ರಿ" ಎಂದು ಅವಳು ನಿಜವನ್ನೇ ಹೇಳಿದ್ದನ್ನು ನಂಬಿ, ಸಂಪೂರ್ಣ ಗುಣವಾದಳೆಂದು ಅಭಿನಂದಿಸಿ, ಕರೆ ನಿಲ್ಲಿಸಿಬಿಟ್ಟಿರಿ. ಮರುದಿನವೇ ಹೊನ್ನೂರಪ್ಪ ಚಪ್ಪಲಿ ಹುಡುಕತೊಡಗಿದ.

ಆದ್ದರಿಂದ ಮಾರೆವ್ವನನ್ನು ತಕ್ಷಣ ವ್ಯಸನಿಯೆಂದು ಮರುಘೋಷಿಸಬೇಕೆಂದೂ, ಅವಳೆಷ್ಟೇ ಸತ್ಯ ನುಡಿದರೂ ಬದುಕಿರುವವರೆಗೆ ನಂಬಬಾರದೆಂದೂ ಪ್ರಾರ್ಥಿಸುತ್ತೇನೆ. ಸಾಕ್ಷಿ ಬೇಕಿದ್ದರೆ, ಅವಳು ತೂರಾಡುವುದನ್ನು ಕಣ್ಣಾರೆ ಕಂಡೆನೆಂದು ಹೇಳಲು, ಸುಳ್ಳಾಡದೆ ಇಷ್ಟು ವಯಸ್ಸು ಕಳೆದ ನಾನು ಸಿದ್ಧನಿದ್ದೇನೆ. ಹೊನ್ನೂರಪ್ಪ ಪತ್ರಿಕೆ ಓದುವುದಿಲ್ಲವಾದ್ದರಿಂದ ಇದನ್ನು ಧೈರ್ಯವಾಗಿ ಬಹಿರಂಗವಾಗಿಯೇ ಬರೆದಿದ್ದೇನೆ.

ಕರೆ ಪುನರಾರಂಭವಾಗುವುದೆಂಬ ನಿರೀಕ್ಷೆಯಲ್ಲಿ,
ತಮ್ಮ ವಿಶ್ವಾಸಿ,
ಶಾಮೀದಸಾಬ

ವಿ.ಸೂ.: ತಮ್ಮ ಉತ್ತರಕ್ಕೆ ಕಾಯುವಷ್ಟು ಪುರುಸೊತ್ತು ಮಾರೆವ್ವನಿಗಿಲ್ಲ. ನಿನ್ನೆ ಸಂಜೆ ಹೊನ್ನೂರಪ್ಪ ಓಣಿಯ ತಿರುವು ಮುಟ್ಟುತ್ತಿದ್ದಂತೆ, ಅವಳು ಕರೆಯೇ ಬಾರದ ಫೋನನ್ನು ಕಿವಿಗೆ ಹಿಡಿದು ಬಾಗಿಲಲ್ಲಿ ನಿಂತು, "ಹೂನ್ರಿ, ಭಾಳ ಮನಸಾಗೈತ್ರಿ. ಬಾಜೂಕ ಯಾರೂ ಇಲ್ರಿ. ಗಾಡಿ ಕಳಸ್ರಿ" ಎಂದು ಗಟ್ಟಿಯಾಗಿ ಹೇಳಿದಳು. ಅವನು ಓಡಿ ಬಂದು ಕುಳಿತ. ತಾವು ಹೀಗೆಯೇ ಪೂರ್ತಿ ಗುಣಪಡಿಸಿ ಕೈಬಿಟ್ಟವರು ಬೇರೆ ಊರಲ್ಲಿಯೂ ಇದ್ದರೆ, ದಯವಿಟ್ಟು ಇವಳ ಬಳಿಗೆ ಕಳಿಸಿಕೊಡಿ.