ತೊಟ್ಟಿಯ ನೀರಿನಲ್ಲಿ ಎಡೆ

ದುಃಖದಲ್ಲಿರುವ ಮನುಷ್ಯನಿಗೆ ಎಲ್ಲರೂ ಸಮಾಧಾನ ಹೇಳುತ್ತಾರೆ. ಆದರೆ ಅವನು ಅಡುಗೆಮನೆಯಲ್ಲಿ ಏನು ಮಾಡುತ್ತಿದ್ದಾನೆಂದು ಯಾರೂ ಇಣುಕಿ ನೋಡುವುದಿಲ್ಲ. ನೋಡಿದ್ದರೆ ನನ್ನ ಮನೆಯ ಗಾಜಿನ ತೊಟ್ಟಿಗೆ ಆ ಗತಿ ಬರುತ್ತಿರಲಿಲ್ಲ. ತೊಟ್ಟಿ ನನ್ನದಲ್ಲ, ನನ್ನ ಹೆಂಡತಿ ಸುಮತಿಯದು. ತೊಂಬತ್ತನೇ ಇಸವಿ ಹುಟ್ಟುವ ಮೊದಲೇ ಅವಳು ಹೋಗಿಬಿಟ್ಟಳು. ಗಲ್ಫಿನ ಬ್ನೇದ್ ಅಲ್ ಗಾರ್ ಬಡಾವಣೆಯ ನಮ್ಮ ಫ್ಲಾಟಿನಲ್ಲಿ ಉಳಿದದ್ದು ನಾನು, ಉಪ್ಪುನೀರಿನ ಆ ತೊಟ್ಟಿ, ಅದರಲ್ಲಿ ಮೂರು ಪುಟ್ಟ ಮೀನು, ಮತ್ತು ಕಲ್ಲಿಗೆ ಅಂಟಿಕೊಂಡ ಒಂದು ಹವಳ. ಹವಳವೆಂದರೆ ಉಂಗುರದಲ್ಲಿ ಕೂರಿಸುವ ಕೆಂಪು ಮಣಿಯೆಂದೇ ನಾನು ತಿಳಿದಿದ್ದೆ. ಅದು ಜೀವವಿರುವ ವಸ್ತು, ಬೆಳಕು ಬಿದ್ದರೆ ಎಳೆ ಬೆರಳುಗಳನ್ನು ಚಾಚಿ ಅರಳುತ್ತದೆ ಎಂದು ತೋರಿಸಿಕೊಟ್ಟವಳು ಅವಳೇ. ಊರಿಗೆ ಹೊರಟ ಮೇಲಿನ ಮಹಡಿಯ ಲೆಬನಾನಿನ ದಂಪತಿ ಈ ತೊಟ್ಟಿಯನ್ನು ಅವಳಿಗೆ ಕೊಟ್ಟಾಗ ನಾನು ಕೇಳಿದ್ದೆ, "ಎರಡು ರಸ್ತೆ ದಾಟಿದರೆ ಸಮುದ್ರ ಉಂಟು. ಮನೆಯ ಒಳಗೂ ಒಂದು ಯಾಕೆ?" ಅವಳು ಹೇಳಿದ್ದು, "ಆ ಸಮುದ್ರ ನನ್ನ ಮಾತು ಕೇಳುದಿಲ್ಲ ಮಾರಾಯ್ರೆ." ಮನೆಯಲ್ಲಿ ಅವಳ ಮಾತು ಕೇಳದ ಇನ್ನೊಂದು ಪ್ರಾಣಿ ನಾನಾಗಿದ್ದೆ.

ಅವಳು ಹೋದ ಮೇಲೆ ನನ್ನ ಅತ್ತೆ ಊರಿನಿಂದ ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ. "ಕಾಗೆಗೆ ಇಟ್ರಾ? ಅವಳಿಗೆ ಇಡದೆ ನೀವು ಉಣ್ಣಬೇಡಿ." ಮಗಳನ್ನು ಕಳೆದುಕೊಂಡ ತಾಯಿಗೆ ಇಲ್ಲವೆನ್ನುವುದು ಹೇಗೆ? ಆದರೆ ನಮ್ಮ ಬಡಾವಣೆಯಲ್ಲಿ ಒಂದು ಕಾಗೆಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕಿಟಕಿಯ ಹೊರಗೆ ಅನ್ನವಿಟ್ಟೆ, ಪಾರಿವಾಳಗಳ ದಂಡೇ ಬಂತು. ಮರುದಿನ ಕಟ್ಟಡದ ಕಾವಲುಗಾರ, ಈಜಿಪ್ಟಿನವನು, ಬಾಗಿಲು ಬಡಿದು ಕೆಳಗೆ ನಿಂತ ಕಾರುಗಳ ಸ್ಥಿತಿಯನ್ನು ಕೈಯಲ್ಲೇ ಅಭಿನಯಿಸಿ ತೋರಿಸಿದ. "ಭಾಯಿ, ಪಾರಿವಾಳ ಖಲಾಸ್!" ಎಂದ, ಇನ್ನು ಅವಕ್ಕೆ ಅನ್ನ ಹಾಕಕೂಡದೆಂದು. ಆ ಮಧ್ಯಾಹ್ನ ತಟ್ಟೆ ಹಿಡಿದು ಏನು ಮಾಡುವುದೆಂದು ತಿಳಿಯದೆ ನಿಂತಿದ್ದಾಗ ಗಾಜಿನ ಹಿಂದೆ ಮೂರು ಮೀನುಗಳು ನನ್ನನ್ನೇ ನೋಡುತ್ತಿದ್ದವು. ಅವಳು ಸಾಕಿದ ಜೀವಗಳು. ಕಾಗೆಗಿಂತ ಹತ್ತಿರದ ನೆಂಟರು. ಒಂದು ಚಿಟಿಕೆ ಅನ್ನ ಹಾಕಿದೆ. ಕೈ ತೆಗೆಯುವ ಮೊದಲೇ ಮುಟ್ಟಿದವು.

ಊರಿನಲ್ಲಿ ಕಾಗೆ ಎಡೆ ಮುಟ್ಟದಿದ್ದರೆ ಎಷ್ಟು ಗೋಗರೆಯುತ್ತೇವೆ ನಿಮಗೆ ಗೊತ್ತಿದೆ. ಹೋದವರಿಗೆ ಏನೋ ಅಸಮಾಧಾನವಿದೆಯೆಂದು ಹೆದರಿ ಇಲ್ಲದ ಮಾತೆಲ್ಲ ಕೊಡುತ್ತೇವೆ. ಇಲ್ಲಿ ಅಂಥ ಕಷ್ಟವೇ ಇರಲಿಲ್ಲ. ಬೆಂದ ಅನ್ನ, ಬೇಯದ ಅನ್ನ, ತಳ ಹಿಡಿದ ಅನ್ನ, ಯಾವುದನ್ನು ಹಾಕಿದರೂ ತಕ್ಷಣ ಸ್ವೀಕಾರ. ಅಷ್ಟು ಸುಲಭವಾಗಿ ಸುಮತಿ ನನ್ನ ಮೇಲೆ ಎಂದೂ ಪ್ರಸನ್ನಳಾಗಿದ್ದಿಲ್ಲ. ನನಗೆ ಉತ್ಸಾಹ ಬಂತು. ಅವಳಿಗೆ ಇಷ್ಟವೆಂದು ಬಂಗುಡೆಯ ಒಂದು ಎಸಳನ್ನೂ ತೊಳೆದು ಹಾಕಿದೆ. ಮೀನಿಗೆ ಮೀನನ್ನೇ ಬಡಿಸುವುದು ಸರಿಯೇ ಎಂದು ಒಂದು ಕ್ಷಣ ಯೋಚನೆ ಬಂತು, ಅವು ಯೋಚಿಸಲಿಲ್ಲ.

ಕೆಲವು ವಾರಗಳಲ್ಲಿ ಗಾಜಿಗೆ ಹಸಿರು ಕಟ್ಟಿತು. ಕಲ್ಲುಗಳ ಮೇಲೆ ಪಾಚಿ ಕೂದಲಿನಂತೆ ಬೆಳೆಯಿತು. ಹವಳ ಅರಳುವುದನ್ನು ನಿಲ್ಲಿಸಿ ಮುಷ್ಟಿ ಬಿಗಿಹಿಡಿದು ಕುಳಿತಿತು. ನಾನು ಹೆದರಿದೆ. ಮೀನಾ ಅಲ್ ಅಹ್ಮದಿಯ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ನಾನು ಉಗ್ರಾಣದ ಗುಮಾಸ್ತ. ಅಲ್ಲಿ ಬಾಯ್ಲರಿನ ನೀರು ಪರೀಕ್ಷಿಸುವ ಸದಾನಂದ ನಮ್ಮ ಕಡೆಯವನು, ಸುಮತಿಯನ್ನು ಅಕ್ಕಾ ಎನ್ನುತ್ತಿದ್ದವನು. ಒಂದು ಬಾಟಲಿ ನೀರು ಒಯ್ದು ಕೊಟ್ಟೆ. ಸಂಜೆ ಬಸ್ಸಿನಲ್ಲಿ ಪಕ್ಕ ಬಂದು ಕುಳಿತ.

"ಎಂತ ಹಾಕಿದ್ರಿ ಅಣ್ಣಾ ಇದಕ್ಕೆ? ಫಾಸ್ಫೇಟ್ ತುಂಬಿ ಹೋಗಿದೆ. ಬಾಯ್ಲರಿಗೆ ನಾವು ಬೇಕೂಂತ ಹಾಕ್ತೇವೆ. ನಿಮ್ಮದು ಅದರ ತಮ್ಮನ ಹಾಗೆ ಉಂಟು."

"ಹಾಗೆಂದರೆ?"

"ಹೆಚ್ಚಾದ ಊಟ ಕೊಳೆತು ನೀರಿಗೆ ಇಳಿದದ್ದು. ಪಾಚಿಗೆ ಹಬ್ಬ, ಹವಳಕ್ಕೆ ವಿಷ. ಎಂತ ಕೊಡ್ತೀರಿ ಮೀನಿಗೆ?"

"ಮೀನಿಗಲ್ಲ, ಅವಳಿಗೆ" ಎಂದೆ. ನಂತರ ಎಲ್ಲ ಹೇಳಿದೆ. ಸದಾನಂದ ನನ್ನ ಕಡೆ ತಿರುಗಿ ಕೇಳಿದ.

"ಅಕ್ಕ ಇದ್ದಿದ್ರೆ ಎಂತ ಹೇಳ್ತಿದ್ರು?"

"ತೊಟ್ಟಿಗೆ ಅನ್ನ ಹಾಕುವ ಬುದ್ಧಿ ಯಾವ ಶಾಲೆಯಲ್ಲಿ ಕಲಿಸಿದ್ರು ಅಂತ ಕೇಳ್ತಿದ್ಲು."

"ಹಾಂ. ಹಾಗಾದ್ರೆ ನಿಲ್ಲಿಸಿ. ಇಲ್ಲದಿದ್ರೆ ಆ ಹವಳ ಉಳಿಯುದಿಲ್ಲ."

ಹೇಳುವುದು ಸುಲಭ. ಎಡೆ ನಿಲ್ಲಿಸಿದರೆ ಅವಳು ಹಸಿದಿರುತ್ತಾಳೆ. ನಿಲ್ಲಿಸದಿದ್ದರೆ ಅವಳ ಕೈ ತಾಗಿದ ಹವಳ ಸಾಯುತ್ತದೆ. ಎರಡು ದಿನ ನಾನೂ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಹವಳದ ಒಂದು ಅಂಚು ಬೆಳ್ಳಗಾದದ್ದು ಕಂಡಿತು. ತಟ್ಟೆಯನ್ನು ಒಳಗಿಟ್ಟು, ಪಾಚಿ ಕಿತ್ತೆ, ಕೊಳವೆಯಿಂದ ತಳದ ಕಸ ಎಳೆದೆ, ಹಳೆಯ ನೀರು ಚೆಲ್ಲಿ ಹೊಸ ಉಪ್ಪುನೀರು ತುಂಬಿದೆ. ಮೀನುಗಳು ನಾನು ಊಟಕ್ಕೆ ಕುಳಿತಾಗ ಗಾಜಿಗೆ ಮೂತಿಯೊತ್ತಿ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಡಬ್ಬಿಯ ಮೀನಿನ ಮೇವನ್ನಷ್ಟೇ ಒಂದು ಚಿಟಿಕೆ ಹಾಕಿ, ಬೆನ್ನು ತಿರುಗಿಸಿ ಉಂಡೆ. ಅತ್ತೆ ಫೋನಿನಲ್ಲಿ ಕೇಳಿದಾಗ "ಇಟ್ಟೆ" ಎಂದು ಸುಳ್ಳು ಹೇಳಿದೆ.

ಫಾಸ್ಫೇಟ್ ಬೇಗ ಇಳಿಯಲಿಲ್ಲ. "ಕಲ್ಲು ಕುಡಿದಿಟ್ಟುಕೊಂಡಿರ್ತದೆ ಅಣ್ಣಾ, ಸ್ವಲ್ಪ ಸ್ವಲ್ಪವೇ ಬಿಡ್ತದೆ" ಎಂದ ಸದಾನಂದ. ನಾನು ಬಾಟಲಿ ಒಯ್ಯುತ್ತಲೇ ಇದ್ದೆ. ಸೆಕೆ ಶುರುವಾಗುವ ಹೊತ್ತಿಗೆ ಒಂದು ಸಂಜೆ ಅವನು ನಗುತ್ತಾ ಬಂದ. "ಇಳಿಯಿತು. ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ." ಸಂತೋಷಪಡಬೇಕಾಗಿತ್ತು. ಆದರೆ ಅವಳಿಗೆಂದು ಬಡಿಸಿದ್ದೆಲ್ಲ ಆ ನೀರಿನಿಂದ ಹೋಯಿತಲ್ಲ ಎನಿಸಿತು. "ಸ್ವಲ್ಪವೂ ಇರಬಾರದಾ?" ಎಂದು ಕೇಳಿದೆ. ಅವನು ನನ್ನ ಮುಖ ನೋಡಿ, "ಛೆ, ಸ್ವಲ್ಪ ಬೇಕು ಅಣ್ಣಾ. ಪೂರಾ ಇಲ್ಲದಿದ್ರೆ ಹವಳವೂ ಬದುಕುದಿಲ್ಲ" ಎಂದ. ನನ್ನ ಸಮಾಧಾನಕ್ಕೆ ಹೇಳಿದನೋ ಎಂದು ಸಂಶಯವಿತ್ತು. ಅಲ್ಲ, ಅದು ನಿಜವಂತೆ.

ಹಾಗಾಗಿ ಈಗ ಶುಕ್ರವಾರ ಮಾತ್ರ, ಒಂದೇ ಅಗುಳು. ಅತ್ತೆಗೂ ಸುಳ್ಳು ಹೇಳಬೇಕಾಗಿಲ್ಲ. ಹವಳ ಮತ್ತೆ ಬೆರಳು ಬಿಚ್ಚಿದೆ, ಬೆಳ್ಳಗಾದ ಅಂಚಿನಲ್ಲಿ ಮಾತ್ರ ಇನ್ನೂ ಇಲ್ಲ. ಒಂದಗುಳಿಗೆ ಎಷ್ಟು ಅಕ್ಕಿ ಬೇಕು? ಆದರೂ ಡಬ್ಬಕ್ಕೆ ಹೋದ ಕೈ ಇಬ್ಬರಿಗಾಗುವಷ್ಟೇ ತೆಗೆಯುತ್ತದೆ. ತೊಟ್ಟಿಗೆ ಹಾಕುವಂತಿಲ್ಲ, ಪಾರಿವಾಳ ಖಲಾಸ್. ಅವಳ ಪಾಲನ್ನೂ ನಾನೇ ಉಣ್ಣುತ್ತೇನೆ. ನೀರು ತಿಳಿಯಾಗಿದೆ, ನನ್ನ ಬೆಲ್ಟನ್ನು ಒಂದು ತೂತು ಸಡಿಲಿಸಬೇಕಾಗಿ ಬಂದಿದೆ. ಹೆಂಡತಿ ಹೋದ ಮೇಲೆ ದಪ್ಪಗಾದ ಗಂಡನನ್ನು ಕಂಡು ಜನ ಏನೆಂದುಕೊಳ್ಳುತ್ತಾರೋ, ಯಾರಿಗೂ ವಿವರಿಸುವ ಹಾಗಿಲ್ಲ.