ಹತ್ತು ಗಂಟೆವರೆಗೆ ಮಕ್ಕಳ ರಾಜ್ಯ

ಐದು ವರ್ಷದೊಳಗಿನ ಮಕ್ಕಳು ಒಂದು ಕಡೆ ಕೂಡಿದರೆ ನಗೋದಕ್ಕೆ ಬೇರೆ ಏರ್ಪಾಡು ಬೇಕಿಲ್ಲ, ಚಪ್ಪಲಿ ಬಿಡೋ ಜಾಗದಿಂದಲೇ ಶುರುವಾಗುತ್ತೆ. ಹೊಸೂರಿನ ಅಂಚಿನಲ್ಲಿ, ಫ್ಯಾಕ್ಟರಿ ಬಸ್ಸುಗಳು ತಿರುಗೋ ರಸ್ತೆಯಲ್ಲಿ ನನ್ನ ಹೆಂಡತಿ ಶಿಶುವಿಹಾರ ನಡೆಸುತ್ತಾಳೆ. ಅಡುಗೆ ಮತ್ತು ತರಲೆ, ಎರಡೂ ಖಾತೆ ನನ್ನವು.

ಅವಳದೊಂದು ಕಾನೂನು. ಬೆಳಗ್ಗೆ ಹತ್ತರವರೆಗೆ ಮಕ್ಕಳು ಹೇಳಿದ ಆಟ, ದೊಡ್ಡವರು ಅಡ್ಡ ಬರೋ ಹಾಗಿಲ್ಲ. ಹತ್ತಕ್ಕೆ ಗಂಟೆ ಹೊಡೆದ ಮೇಲೆ ಟೀಚರ್ ಹೇಳಿದ ಪಾಠ, ಮಕ್ಕಳು ಕೇಳಬೇಕು.

"ಮತ್ತೆ ನಾನು ಹೇಳೋದು ಯಾವಾಗ?" ಅಂದೆ.

"ಮದುವೆಗೆ ಮುಂಚೆ ಹೇಳಬೇಕಿತ್ತು" ಅಂದಳು.

ಈ ಕಾನೂನಿಗೆ ವಿರೋಧ ಪಕ್ಷ ಅಂದರೆ ತಳಿ ಅನ್ನೋ ಊರಿನ ಕಡೆಯ ಒಬ್ಬ ಅಜ್ಜಿ. ಮೊಮ್ಮಗಳನ್ನು ಬಿಡೋಕೆ ಬಂದಾಗಲೆಲ್ಲ, "ಏನವ್ವ ಟೀಚರಮ್ಮ, ಆಡಕ್ಕಾ ಇಲ್ಲಿಗ್ ಕಳ್ಸೋದು? ಆಟ ನಮ್ಮನೇಲೂ ಐತೆ. ಬೆಳಗ್ಗಿಂದ್ಲೇ ಸ್ಲೇಟ್ ಕೊಟ್ಟು ಕೂರ್ಸು" ಅನ್ನೋರು. ತಾಯಂದಿರು ಶಿಫ್ಟಿನಲ್ಲಿದ್ದಾಗ ಅರ್ಧ ಬೀದಿಯ ಮಕ್ಕಳನ್ನು ಸಂಜೆ ನೋಡಿಕೊಳ್ಳೋರು ಇದೇ ಅಜ್ಜಿ. ಅವರು ಬ್ಯಾಡ ಅಂದರೆ ಬೀದಿಯೇ ಬ್ಯಾಡ ಅನ್ನುತ್ತೆ. ಬೆಳಗಿನ ಆಟದ ಹೊತ್ತು ಯಾವತ್ತು ಕೈತಪ್ಪುತ್ತೋ ಅಂತ ಹೆಂಡತಿಗೆ ಒಳಗೊಳಗೇ ಪುಕುಪುಕು.

ಕಂಪನಿ ಗೇಟು

ಒಂದು ಬೆಳಗ್ಗೆ ಹಾಲಿನ ಪಾತ್ರೆ ಹಿಡಿದು ಒಳಗೆ ಹೊರಟೆ. ಅಜ್ಜಿಯ ಮೊಮ್ಮಗಳು ಬಾಗಿಲಿಗೆ ಅಡ್ಡ ಕೈ ಇಟ್ಟಳು.

"ಕಾರ್ಡ್ ಎಲ್ಲಿ?"

"ಯಾವ ಕಾರ್ಡಮ್ಮ?"

"ಕತ್ತಿಗೆ ಹಾಕ್ಕೊಳೋದು. ಇದು ಕಂಪನಿ."

ಇಣುಕಿ ನೋಡಿದೆ. ಮಕ್ಕಳೆಲ್ಲ ಸಾಲಾಗಿ ಕೂತು ಮರದ ತುಂಡುಗಳನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದರು. ಅಮ್ಮಂದಿರ ಲೈನು ಹೀಗೇ ಇರುತ್ತಂತೆ. ಬಿಸ್ಕತ್ತಿನ ಡಬ್ಬಿ ಹರಿದು, ದಾರ ಪೋಣಿಸಿ, ಕತ್ತಿಗೆ ಹಾಕಿಕೊಂಡು ಬಂದೆ. ಅವಳು ಕಾರ್ಡ್ ನೋಡಿದಳು, ನನ್ನ ಮುಖ ನೋಡಿದಳು, ಗಡಿಯಾರವೇ ಇಲ್ಲದ ಗೋಡೆ ನೋಡಿದಳು.

"ಲೇಟು. ಹಾಲು ಒಳಗ್ ಬರ್ಲಿ. ನೀನು ನಾಳೆ ಬಾ ಮಾಮ."

ಹೆಂಡತಿ ಕಿಟಕಿಯಿಂದ, "ಮಕ್ಕಳ ಹೊತ್ತು, ನಾನೇನೂ ಮಾಡೋ ಹಾಗಿಲ್ಲ" ಅಂದಳು, ತುಂಬಾ ಸಂತೋಷವಾಗಿ.

ಮಾರನೇ ದಿನ ಎಲ್ಲರಿಗಿಂತ ಮುಂಚೆ ಕಾರ್ಡ್ ತೊಟ್ಟು ಹಾಜರಾದೆ. "ಇದೇನಿದು?" ಅಂದಳು. "ಇವತ್ತು ಕಂಪನಿ ಇಲ್ಲ, ಆಸ್ಪತ್ರೆ. ಮಲಕ್ಕೊ, ಸೂಜಿ ಚುಚ್ಬೇಕು."

ಗೆಲ್ತಾ ಇರೋ ಮಾಮ

ಹೆಂಡತಿ ತರಬೇತಿಗೆ ಅಂತ ಕೃಷ್ಣಗಿರಿಗೆ ಹೋದ ದಿನ ಹತ್ತರ ಮೇಲಿನ ಪಾಠ ನನ್ನ ಪಾಲಿಗೆ ಬಂತು. "ದೊಡ್ಡವರು ಮುಂದೆ ನಿಂತು ಏನಾದ್ರೂ ಮಾಡಿಸಿ, ಸುಮ್ಮನೆ ಕೂರಬೇಡಿ" ಅಂತ ಹೇಳಿ ಬಸ್ ಹತ್ತಿದಳು. ನಾನು ಬಹಳ ಯೋಚಿಸಿ ಸುಮ್ಮನೆ ಕೂರೋದನ್ನೇ ಪಾಠ ಮಾಡಿದೆ. ಯಾರು ಹೆಚ್ಚು ಹೊತ್ತು ಮಾತಾಡದೆ ಇರ್ತಾರೋ ಅವರೇ ಗೆದ್ದ ಹಾಗೆ. ಮಕ್ಕಳು ಬಾಯಿಯ ಮೇಲೆ ಬೆರಳಿಟ್ಟು ಕೂತರು. ನಾನೂ ಇಟ್ಟುಕೊಂಡೆ. ತಳಿ ಕಡೆಯ ತಂಪು ಗಾಳಿ ಬೇರೆ. ಆಮೇಲೆ ಏನಾಯ್ತೋ ನನಗೆ ತಿಳೀದು.

ಹೆಂಡತಿ ಹೇಳೋ ಪ್ರಕಾರ, ಅವಳು ಬಂದಾಗ ಮಕ್ಕಳೆಲ್ಲ ನನ್ನ ಸುತ್ತ ಉಸಿರು ಬಿಗಿಹಿಡಿದು ಕೂತಿದ್ದರಂತೆ. ಇದರಲ್ಲಿ ಒಂದು ಚೂರು ಒಗ್ಗರಣೆ ಇರಬಹುದು, ಆದರೆ ಅದು ಅವಳದು, ನನ್ನದಲ್ಲ. "ಏನ್ ನಡೀತಿದೆ ಇಲ್ಲಿ?" ಅಂದಳಂತೆ.

ಒಬ್ಬ ಪುಟಾಣಿ ಪಿಸುಗುಟ್ಟಿದ: "ಶ್ಶ್! ಮಾಮ ಗೆಲ್ತಾ ಇದಾರೆ."

"ಗೊರಕೆ ಹೊಡೀತಿದಾರಲ್ಲೋ!"

"ಗೊರಕೆ ಮಾತಲ್ಲ ಮಿಸ್."

ಅವರೆಕಾಯಿ

ಅವರೆಕಾಯಿ ಕಾಲದಲ್ಲಿ ಹೆಂಡತಿ ಒಂದು ಬುಟ್ಟಿ ಕಾಯಿ ತರಿಸಿದಳು. ಪಾಠ ಏನಪ್ಪ ಅಂದರೆ, ಬಿಡಿಸಿ ದೊಡ್ಡ ಕಾಳು ಒಂದು ಕಡೆ, ಸಣ್ಣ ಕಾಳು ಒಂದು ಕಡೆ ಇಡೋದು. ಪಾಠ ಮುಗಿದ ಮೇಲೆ ಅದೇ ಕಾಳಿನಲ್ಲಿ ನಾನು ಸಾರು ಮಾಡೋದು. ಮೊದಲನೇ ಕಾಯಲ್ಲೇ ಒಂದು ಹಸಿರು ಹುಳ ತಲೆ ಎತ್ತಿತು. ಅಲ್ಲಿಗೆ ದೊಡ್ಡದು ಸಣ್ಣದು ಎಲ್ಲ ಮುಗೀತು. ಹುಳಕ್ಕೆ ಬೆಂಕಿಪೊಟ್ಟಣದಲ್ಲಿ ಹಾಸಿಗೆ, ಹತ್ತಿಯ ದಿಂಬು, ಜೋಗುಳ. ಹೆಂಡತಿಯೂ ಪಾಠ ಬಿಟ್ಟು, "ಹುಳ ಏನ್ ತಿನ್ನುತ್ತೆ, ನೋಡೋಣ" ಅಂತ ಮಕ್ಕಳ ಜೊತೆ ಬಗ್ಗಿ ಕೂತಳು. ಮಿಕ್ಕ ಕಾಯಿ ಬಿಡಿಸೋಕೆ ನಾನು ಕೈ ಹಾಕಿದರೆ ಗಲಾಟೆಯೋ ಗಲಾಟೆ. ಪ್ರತಿ ಕಾಯೂ ಒಬ್ಬೊಬ್ಬರ ಮನೆಯಂತೆ! ಅವತ್ತು ಟೊಮೇಟೊ ಸಾರು.

ಮಾರನೇ ಬೆಳಗ್ಗೆ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಬಂದರು.

"ಏನ್ ಕಲ್ಸಿದ್ಯವ್ವ ಈ ಮಗೀಗೆ? ನೆನ್ನೆ ಅವರೆಕಾಯ್ ಸುಲಿಯಕ್ ಕೂತ್ರೆ ಒಂದೊಂದ್ ಕಾಯ್ಗೂ ತಟ್ಟಿ, 'ಒಳಗ್ ಯಾರಾದ್ರೂ ಇದೀರಾ' ಅಂತ ಕೇಳ್ಬುಟ್ಟು ಆಮ್ಯಾಕೆ ಸುಲಿ ಅಂತವ್ಳೆ!"

"ಕೇಳಿದ್ರಾ ಅಜ್ಜಿ?" ಅಂದೆ.

"ಕೇಳ್ದೆ ಬುಟ್ಟಾಳಾ? ಕೇಳ್ದೆ!" ಅಜ್ಜಿ ದನಿ ತಗ್ಗಿಸಿದರು. "ಒಬ್ರೂ ಓ ಅನ್ನಲಿಲ್ಲ."

ಮರುಕ್ಷಣ ಮತ್ತೆ ಗಟ್ಟಿಯಾದರು. "ಶನಿವಾರ ಎಲ್ಲಾ ತಾಯಂದ್ರನ್ನೂ ಕರೀತೀನಿ. ಆಟ ತೆಗ್ದು ಸ್ಲೇಟ್ ಇಡ್ಸೇ ಇಡುಸ್ತೀನಿ."

ಆನೆ ಬಂತು

ಶನಿವಾರದ ಹೊತ್ತಿಗೆ ಸಾನಮಾವು ಕಾಡಿನಿಂದ ಆನೆಗಳು ಹೊಲಕ್ಕಿಳಿದ ಸುದ್ದಿ ಎಲ್ಲರ ಬಾಯಲ್ಲಿತ್ತು. ಅವತ್ತಿನ ಆಟವೂ ಅದೇ. ಒಬ್ಬ ಆನೆ, ಮಿಕ್ಕವರು ತಟ್ಟೆ ಬಡಿದು ಓಡಿಸೋ ರೈತರು. ಹೆಂಡತಿ ಒಂದು ಮೂಲೆಯಲ್ಲಿ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದಳು. ಅಜ್ಜಿ ಬೇಗನೇ ಬಂದು, ಆಡಬೇಕಾದ ಮಾತನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಾ ಜಗಲಿ ಮೇಲೆ ಕೂತರು.

ಆನೆಯಾದ ಹುಡುಗ ಕುಪ್ಪಳಿಸಿಕೊಂಡು ಬಂದ. ಅಜ್ಜಿಗೆ ತಡೆಯಲಾಗಲಿಲ್ಲ.

"ಥೂ, ಆನೆ ಹಂಗ್ ಕುಣೀತದೇನ್ಲಾ? ನಮ್ ರಾಗಿ ಹೊಲ್ದಾಗೆ ಕಣ್ಣಾರೆ ನೋಡಿವ್ನಿ ಕಣ್ಲಾ. ಹಿಂಗೆ!"

ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ತೋಳನ್ನೇ ಸೊಂಡಿಲು ಮಾಡಿ, ಭಾರವಾಗಿ ಹೆಜ್ಜೆ ಇಟ್ಟರು. ಮಕ್ಕಳ ತಟ್ಟೆ ಕೈಯಲ್ಲೇ ನಿಂತವು. ಮೊಮ್ಮಗಳು ತೀರ್ಪು ಕೊಟ್ಟಳು: "ಅಜ್ಜೀನೇ ಆನೆ. ಆನೆ ಮಾತಾಡಂಗಿಲ್ಲ, ಘೀಳಿಡ್ಬೇಕು ಅಷ್ಟೇ."

ಅಜ್ಜಿ ಘೀಳಿಟ್ಟರು. ಅಬ್ಬಾ! ಅಡುಗೆಮನೆಗೇ ನುಗ್ಗಿ ಸಭೆಗೆ ತಂದಿದ್ದ ಬಾಳೆಹಣ್ಣಿನ ಚಿಪ್ಪು ಎಗರಿಸಿದರು. ಹಿಂದೆ ತಟ್ಟೆ ಬಡಿಯುತ್ತಾ ಇಡೀ ಶಿಶುವಿಹಾರ, ಅದರ ಹಿಂದೆ ನಾನು. ಆ ಹೊತ್ತಿಗೆ ಸರಿಯಾಗಿ ತಾಯಂದಿರು ಬಾಗಿಲಲ್ಲಿ ಬಂದು ನಿಂತರು. ಹತ್ತು ಗಂಟೆ ಇನ್ನೂ ಆಗಿರಲಿಲ್ಲ.

"ಪಾಟ್ಟಿ ಎನ್ನ ಸೊಲ್ರಾಂಗ?" ಅಂತ ಒಬ್ಬಾಕೆ ತಮಿಳಿನಲ್ಲಿ ಕೇಳಿದಳು, ಅಜ್ಜಿ ಏನಂತಾರೆ ಅಂತ.

ಅಜ್ಜಿ ಬಾಳೆಹಣ್ಣು ನುಂಗಿಕೊಂಡು, "ನೋಡ್ರವ್ವಾ, ಸ್ಲೇ..." ಅಂದರು.

"ಅಜ್ಜೀ! ಆನೆ ಮಾತಾಡಂಗಿಲ್ಲ!" ಮೊಮ್ಮಗಳ ತುಟಿ ಅದುರುತ್ತಿತ್ತು, ಇನ್ನೊಂದು ಮಾತಿಗೆ ಅಳುವ ಹಾಗೆ.

ಅಜ್ಜಿ ತಾಯಂದಿರನ್ನು ನೋಡಿದರು, ಮಗುವನ್ನು ನೋಡಿದರು. ನಿಧಾನಕ್ಕೆ ಸೊಂಡಿಲು ಎತ್ತಿ ಘೀಳಿಟ್ಟರು. ಎಲ್ಲರೂ ನನ್ನ ಕಡೆ ತಿರುಗಿದರು.

"ಬೆಳಗಿನ ಆಟ ಹಿಂಗೇ ಇರ್ಲಿ ಅಂತಾರೆ" ಅಂದೆ. ತಮಿಳಿನಲ್ಲೂ ಹೇಳಿದೆ, ತೆಲುಗಿನಲ್ಲೂ ಹೇಳಿದೆ. ತಾಯಂದಿರು ತಲೆಯಾಡಿಸಿದರು.

ಅಜ್ಜಿ ಕಣ್ಣು ಕೆಂಪಗೆ ಮಾಡಿ, ನನ್ನ ಮೂತಿಗೇ ಬಗ್ಗಿ, ಮೊದಲಿಗಿಂತ ಎರಡರಷ್ಟು ಜೋರಾಗಿ ಘೀಳಿಟ್ಟರು.

"ಈಗೇನಂತಾರೆ?" ಅಂದರು ತಾಯಂದಿರು.

"ಇನ್ನೂ ಅರ್ಧ ಗಂಟೆ ಜಾಸ್ತಿ ಮಾಡಿ ಅಂತಾರೆ."