ಮಂಜಿನ ಕೆರೆಯಲ್ಲಿ ಪಟಾಕಿ

"ಎರಡೇ ದಿನ! ಎರಡು ದಿನದಲ್ಲಿ ಪಟಾಕಿಯನ್ನ ನಗಿಸದಿದ್ರೆ ನನ್ನ ಕನ್ನಡಕದ ಅಂಗಡಿಗೆ ಬೀಗ ಹಾಕ್ತೀನಿ!" ಎಂದು ನಾನು ಊಟದ ಮೇಜು ಗುದ್ದಿ ಘೋಷಿಸಿದೆ.

ಉರುಳುತ್ತಿದ್ದ ಲೋಟ ಹಿಡಿದುಕೊಂಡು ನನ್ನವಳು ಅಂದಳು, "ಅಂಗಡಿಗೆ ಯಾಕ್ರೀ? ಬಾಯಿಗೆ ಹಾಕಿ."

ಪಟಾಕಿ ಅಂದರೆ ನನ್ನ ಬಾಲ್ಯದ ಗೆಳೆಯ. ಬೇಕರಿ ಇಟ್ಟಿದ್ದಾನೆ. ಜನ ಅವನ ಬ್ರೆಡ್ಡಿಗಿಂತ ಹೆಚ್ಚಾಗಿ ಅವನ ಜೋಕಿಗೆ ಬರುತ್ತಿದ್ದರು. ಹೋಗುವಾಗ ನಾಚಿಕೆಗೆ ಒಂದು ಬನ್ನು ಕೊಳ್ಳುತ್ತಿದ್ದರು. ನನ್ನ ತಂಗಿ ಚಿನ್ನಿಯೂ ಹಾಗೇ ಬನ್ನು ತರಲು ಹೋಗಿ ಹೋಗಿ, ಕೊನೆಗೆ ಬೇಕರಿಯವನನ್ನೇ ಮದುವೆಯಾದಳು. ಗೆಳೆಯ ಭಾವನಾದ!

ಹೋದ ವರ್ಷ ಚಿನ್ನಿ ಕಾಯಿಲೆ ಬಿದ್ದು ತೀರಿಕೊಂಡಳು. ಅಂದಿನಿಂದ ಪಟಾಕಿ ಠುಸ್. ಬ್ರೆಡ್ಡು ಕೊಡುತ್ತಾನೆ, ಚಿಲ್ಲರೆ ಕೊಡುತ್ತಾನೆ, ಮಾತು ಮಾತ್ರ ಕೊಡುವುದಿಲ್ಲ.

ನಾನು ಸುಮ್ಮನೆ ಕೂರುವವನೇ? ಕೂಡಲೇ ಚಿಕಿತ್ಸೆ ಶುರುಮಾಡಿದ್ದೆ. ಚಿಕಿತ್ಸೆ ಬಹಳ ಸರಳ: ಅವನೆದುರು ಚಿನ್ನಿಯ ಸುದ್ದಿ ಬರಬಾರದು. ಯಾರಾದರೂ "ಪಾಪ, ಅವಳು..." ಎಂದು ಬಾಯಿ ತೆರೆದರೆ ಸಾಕು, ನಡುವೆ ಹಾರಿ ಒಂದು ಜೋಕು ಎಸೆಯುತ್ತಿದ್ದೆ. ವರ್ಷವಿಡೀ ನನ್ನ ಬಾಯಿಗೆ ರಜೆಯೇ ಇಲ್ಲ!

"ಸ್ವಲ್ಪ ಸುಮ್ನಿರ್ರೀ," ಎನ್ನುತ್ತಿದ್ದಳು ಹೆಂಡತಿ.

"ಸುಮ್ನಿದ್ರೆ ಅವನಿಗೆ ನೆನಪಾಗುತ್ತೆ ಕಣೇ!"

ಈ ಚಿಕಿತ್ಸೆಯ ಮಹಾ ಘಟ್ಟವೇ ಬೆಟ್ಟದ ಮೇಲಿನ ವಾರಾಂತ್ಯದ ವಿಶ್ರಾಂತಿ. ನಾನು, ಹೆಂಡತಿ, ಪಟಾಕಿ, ಜೊತೆಗೆ ನಮ್ಮ ಹಲ್ಲಿನ ಡಾಕ್ಟರು. ಅವನೂ ಹಳೆಯ ಗೆಳೆಯ, ಕಾರೂ ಅವನದೇ. ಪಟಾಕಿ ಹತ್ತುವ ಮೊದಲೇ ಕಾರಿನೊಳಗೆ ನನ್ನ ಆಜ್ಞೆ ಹೊರಟಿತು: "ಎರಡು ದಿನ ಯಾರೂ ಅವಳ ಹೆಸರೆತ್ತಬಾರದು!"

ದಾರಿಯುದ್ದಕ್ಕೂ ನಾನೊಬ್ಬನೇ ಮಾತಾಡಿದೆ. ಡಾಕ್ಟರು ಸ್ನೇಹಧರ್ಮಕ್ಕೆ ಅಲ್ಲಲ್ಲಿ ಹಲ್ಲು ತೋರಿಸಿದ. ಪಟಾಕಿ ಕಿಟಕಿಯಾಚೆ ನೋಡುತ್ತಾ ಕೂತಿದ್ದ.

ಬೆಟ್ಟ ತಲುಪಿದಾಗ ಕಿಟಕಿಯಾಚೆ ನೋಡಲು ಏನೂ ಉಳಿದಿರಲಿಲ್ಲ. ಅಂಥ ಮಂಜು! ಮಂಜು ಕವಿದಿತ್ತು, ವರ್ಣಿಸಲು ಕವಿ ಮಾತ್ರ ನಮ್ಮಲ್ಲಿರಲಿಲ್ಲ. ವಸತಿಗೃಹದ ಬಾಲ್ಕನಿಯಿಂದ ಸಾಲು ಸಾಲು ಬೆಟ್ಟ ಕಾಣುತ್ತವೆ ಎಂದು ಕೊಚ್ಚಿಕೊಂಡಿದ್ದೆ. ಬಾಲ್ಕನಿಗೆ ಹೋದರೆ ಬಾಲ್ಕನಿಯ ಕಂಬಿಯೇ ಕಾಣಲಿಲ್ಲ, ಹೊಟ್ಟೆಗೆ ತಾಗಿದಾಗ ಗೊತ್ತಾಯಿತು. ಒಳಗೆ ಹಾಸಿಗೆ ಈಗಷ್ಟೇ ಬಕೆಟ್ಟಿನಿಂದ ಎತ್ತಿದ ಹಾಗಿತ್ತು. ಗೋಡೆ ಬೆವರುತ್ತಿತ್ತು. ಪಟಾಕಿ ಒಂದು ಕುರ್ಚಿ ಎಳೆದುಕೊಂಡು ಆ ಬಿಳಿ ಕಿಟಕಿಯೆದುರು ಕೂತುಬಿಟ್ಟ.

"ಬಿಸಿ ಬಿಸಿ ಟೀ ಕುಡಿಯೋಣ!" ಎಂದು ನಾನು ಬಾಗಿಲಿನಿಂದಲೇ ಕೂಗಿ ತರಿಸಿದೆ.

ತಟ್ಟೆಯಲ್ಲಿ ಐದು ಲೋಟ ಬಂತು.

ನಾನೇ ಐದು ಎಂದಿದ್ದೆ. ಎಲ್ಲಿಗೆ ಹೋದರೂ ನಾವು ಐದು ಜನ. ನಾಲಿಗೆಗೆ ಅದೇ ಅಭ್ಯಾಸ. ನಾಲ್ವರೂ ಆ ಐದನೆಯ ಲೋಟವನ್ನೇ ನೋಡಿದೆವು. ಹಬೆ ಏಳುತ್ತಿತ್ತು. ಕಡೆಗೆ "ನನಗೆ ಯಾವಾಗ್ಲೂ ಡಬಲ್ಲು!" ಎಂದು ಕೂಗಿ ಅದನ್ನೂ ನಾನೇ ಗಟಗಟ ಕುಡಿದು ನಾಲಿಗೆ ಸುಟ್ಟುಕೊಂಡೆ.

"ಸುಟ್ಟಿತಾ? ಎಲ್ಲಿ, ಆ ಮಾಡು," ಅಂದ ಡಾಕ್ಟರು.

ಪಟಾಕಿ ನಗಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಬ್ರಹ್ಮಾಸ್ತ್ರ ತೆಗೆದೆ: ದೋಣಿವಿಹಾರ! ಕೆರೆಯ ದಡದಲ್ಲಿ ಹಂಸದ ಆಕಾರದ ಪೆಡಲ್ ದೋಣಿಯೊಂದು ನಿಂತಿತ್ತು. ಅದರ ಒಂದು ಕಣ್ಣಿನ ಬಣ್ಣ ಹೋಗಿತ್ತು. ನನ್ನ ಅಂಗಡಿಯ ಗಿರಾಕಿ!

"ಈ ಮಂಜಲ್ಲಿ ದೋಣಿ ಬಿಡಲ್ಲ ಸಾರ್," ಅಂದ ದೋಣಿಯವನು.

"ನಾನು ಕನ್ನಡಕದವನಯ್ಯಾ. ನನಗೆ ದೂರದೃಷ್ಟಿ ಇದೆ!"

ಹೆಂಡತಿ ಅವನನ್ನು ಪಕ್ಕಕ್ಕೆ ಕರೆದು ಏನೋ ಪಿಸುಗುಟ್ಟಿದಳು. ಅವನು ಒಪ್ಪಿದ. ನನ್ನ ಪರವಾಗಿ ಶಿಫಾರಸು ಮಾಡಿದಳೆಂದು ಬೀಗಿದೆ. ಅವಳು ಮತ್ತು ಡಾಕ್ಟರು ಕಟ್ಟೆಯ ಮೇಲೆ ಉಳಿದರು. ನಾನು ಪಟಾಕಿಯನ್ನು ದೋಣಿಯೊಳಗೆ ತಳ್ಳಿ, ಪಕ್ಕದಲ್ಲಿ ಕೂತು ಪೆಡಲು ತುಳಿಯತೊಡಗಿದೆ.

ಕ್ಷಣದಲ್ಲಿ ದಡ ಮಾಯ. ತುಳಿದೆ, ತುಳಿದೆ, ಯಾರಾದರೂ ಕಂಡಿದ್ದರೆ ಪದಕ ಕೊಡುವಷ್ಟು ತುಳಿದೆ. "ರೀ, ಹುಷಾರು!" ಎಂಬ ಹೆಂಡತಿಯ ದನಿ ಮೊದಲು ಕೇಳುತ್ತಿತ್ತು, ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

"ನೋಡಿದ್ಯಾ, ಕೆರೆ ನಡುವಿಗೆ ಬಂದುಬಿಟ್ವಿ! ಒಂದು ಜೋಕು ಕೇಳು. ಒಬ್ಬ ಅಂಗಡಿಗೆ ಬಂದು ದೂರದ್ದು ಕಾಣಲ್ಲ ಅಂದ. ಹೊರಗೆ ಕರ್ಕೊಂಡು ಹೋಗಿ ಸೂರ್ಯನ್ನ ತೋರಿಸಿ..."

"ಅದು ನಾನೇ ನಿನಗೆ ಹೇಳಿದ್ದು," ಅಂದ ಪಟಾಕಿ. ಆಮೇಲೆ ಮೆಲ್ಲಗೆ, "ಚಿನ್ನಿಗೆ ಅದು ಇಷ್ಟ ಆಗಿರ್ಲಿಲ್ಲ," ಅಂದ.

"ಅಯ್ಯೋ, ಮೀನು ನೋಡೋ, ಮೀನು!"

"ಎಲ್ಲಿದೆ ಮೀನು? ನೀರೇ ಕಾಣ್ತಿಲ್ಲ." ಅವನು ನನ್ನತ್ತ ತಿರುಗಿದ. "ಸಾಕು ಮಾಡ್ತೀಯಾ? ಬೇಕರಿಗೆ ಬರೋರು ಅವಳ ಮಾತು ತಪ್ಪಿಸ್ತಾರೆ. ಹೋಗ್ಲಿ, ಹೊರಗಿನವರು. ಅವಳನ್ನ ತೊಟ್ಟಿಲಲ್ಲಿ ನೋಡಿದವನು ನೀನು ಕಣೋ. ನಾನು ಯಾರ ಹತ್ರ ಮಾತಾಡ್ಲಿ? ಬಾಯಿ ತೆರೆದ್ರೆ ಸಾಕು, ಒಂದು ಜೋಕು ತುರುಕ್ತೀಯ."

"ನಿನ್ನ ಒಳ್ಳೇದಕ್ಕೇ..."

"ನನ್ನ ಒಳ್ಳೇದಕ್ಕಾ? ನಿನ್ನದಕ್ಕಾ?"

ನನ್ನ ಕಾಲು ತಾನಾಗಿ ನಿಂತಿತು. ಕನ್ನಡಕದ ಗಾಜಿನ ಮೇಲೆ ಮಂಜು ಕೂತಿತ್ತು. ತೆಗೆದು ಒರೆಸಿದೆ. ಹಾಕಿಕೊಂಡರೂ ಕಣ್ಣು ಮಂಜಾಗಿಯೇ ಇತ್ತು.

"ಸಣ್ಣವಳಿದ್ದಾಗ ಅವಳಿಗೆ ಕರಿಹಲಗೆ ಕಾಣ್ತಿರ್ಲಿಲ್ಲ," ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ದಡ್ಡಿ ಅಂತಿದ್ರು ಎಲ್ಲರೂ. ಮೊದಲನೇ ಸಲ ಕನ್ನಡಕ ಹಾಕಿಸಿಕೊಂಡು ರಸ್ತೆಗೆ ಬಂದಾಗ ನಾನೇ ಕೈ ಹಿಡ್ಕೊಂಡಿದ್ದೆ. ತಲೆ ಎತ್ತಿ ನೋಡಿ ಏನಂದ್ಲು ಗೊತ್ತಾ? ‘ಅಣ್ಣಾ, ಮರದಲ್ಲಿ ಎಲೆ ಬಿಡಿಬಿಡಿಯಾಗಿ ಇದಾವೆ ಕಣೋ!’ ಅಲ್ಲೀವರೆಗೆ ಮರ ಅಂದ್ರೆ ಹಸಿರು ಮುದ್ದೆ ಅಂದ್ಕೊಂಡಿದ್ಲಂತೆ. ಅವತ್ತೇ ತೀರ್ಮಾನ ಮಾಡಿದೆ, ಕನ್ನಡಕದ ಅಂಗಡಿ ಇಡಬೇಕು ಅಂತ. ಈಗ ಅಂಗಡೀಲಿ ಯಾವ ಮಗು ಮೊದಲ ಕನ್ನಡಕ ಹಾಕಿ ಬಾಯಿ ಬಿಟ್ಟು ನೋಡಿದ್ರೂ ನಾನು ಹಿಂದಿನ ಕೋಣೆಗೆ ಓಡ್ತೀನಿ. ಗಾಜು ಒರೆಸೋ ಬಟ್ಟೆ ತರೋಕೆ ಅಂತ ಸುಳ್ಳು ಹೇಳಿ..."

ಓದುಗರೇ, ಏನು ಮುಚ್ಚುಮರೆ? ಹಂಸದ ಕತ್ತು ತಬ್ಬಿಕೊಂಡು ಗೊಳೋ ಎಂದು ಅತ್ತೆ!

ಪಟಾಕಿ ನನ್ನ ಬೆನ್ನ ಮೇಲೆ ಕೈಯಿಟ್ಟು ಕೂತ. ನನಗೆ ಸಮಾಧಾನವಾಗುವವರೆಗೂ ತೆಗೆಯಲಿಲ್ಲ.

"ಎಲೆಯ ಸುದ್ದಿ ಅವಳು ನನಗೆ ಹೇಳೇ ಇಲ್ಲ," ಅಂದ. "ಇನ್ನೊಂದು ಹೇಳು."

ನಾನು ಇನ್ನೊಂದು ಹೇಳಿದೆ. ಅವನೂ ಹೇಳಿದ: ಮದುವೆಯಾದ ಹೊಸತರಲ್ಲಿ ಬನ್ನಿನ ಹಿಟ್ಟಿಗೆ ಸಕ್ಕರೆ ಬದಲು ಉಪ್ಪು ಸುರಿದು, ಗಿರಾಕಿಗಳಿಗೆ "ಇದು ಹೊಸ ರುಚಿ, ಎರಡೇ ದಿನ ಸಿಗುತ್ತೆ" ಎಂದು ಅಷ್ಟೂ ಬನ್ನು ಮಾರಿದ್ದಳಂತೆ! ಹೇಳುತ್ತಾ ಹೇಳುತ್ತಾ ಅವನ ಮೂಗಿನಿಂದ ಒಂದು ಸದ್ದು ಬಂತು. ಶೀತವೆಂದುಕೊಂಡೆ. ನಗು! ನನ್ನ ಜೋಕಿಗಲ್ಲ, ಅವಳದಕ್ಕೆ.

ಅಷ್ಟರಲ್ಲಿ ಚಳಿ ಮೂಳೆಗಿಳಿಯಿತು. ತುಳಿದರೂ ದಡ ಸಿಗಲಿಲ್ಲ, ಕೂಗಿದರೂ ಉತ್ತರವಿಲ್ಲ. ಹಗಲಲ್ಲೇ ಅನಾಥರಾದೆವೆನಿಸಿತು. ಈಜಿ ಹೋಗಿ ಸಹಾಯ ತರುವುದೊಂದೇ ದಾರಿ!

"ಪಟಾಕಿ, ನಾನು ಬರದಿದ್ರೆ ನಿಮ್ಮ ಅತ್ತಿಗೆಯನ್ನ ನೋಡ್ಕೋ," ಎಂದು ಗದ್ಗದಿತನಾಗಿ, ಮೂಗು ಹಿಡಿದು, ಅಗಾಧ ಜಲರಾಶಿಗೆ ಧುಮುಕಿದೆ.

ನೀರು ಮೊಣಕಾಲಿಗೆ ಬಂತು.

ಸಾವರಿಸಿಕೊಳ್ಳಲು ಚಾಚಿದ ಕೈಗೆ ಹಗ್ಗವೊಂದು ಸಿಕ್ಕಿತು. ಅದರ ಒಂದು ತುದಿ ಹಂಸದ ಬಾಲದಲ್ಲಿ. ಹಿಡಿದು ನಾಲ್ಕು ಹೆಜ್ಜೆ ಹಾಕಿದರೆ ಇನ್ನೊಂದು ತುದಿ ಕಟ್ಟೆಯ ಗೂಟದಲ್ಲಿ! ಗೂಟದ ಪಕ್ಕ ನನ್ನ ಹೆಂಡತಿ. ಅವಳ ಪಕ್ಕ ಡಾಕ್ಟರು, ಕರವಸ್ತ್ರದಲ್ಲಿ ಮೂಗು ಒರೆಸಿಕೊಳ್ಳುತ್ತಾ. ಹಿಂದಿನಿಂದ ಪಟಾಕಿ ನಗುತ್ತಿದ್ದ. ಹಂಸ ಅಲ್ಲಾಡುವಷ್ಟು ನಗುತ್ತಿದ್ದ.

"ಹಗ್ಗ ಬಿಚ್ಚಬೇಡಿ ಅಂತ ನಾನೇ ಹೇಳಿದ್ದೆ," ಅಂದಳು ಹೆಂಡತಿ. ಅವಳ ಕಣ್ಣೂ ಕೆಂಪಾಗಿತ್ತು.

"ಅಂದ್ರೆ ಎಲ್ಲಾ ಕೇಳಿಸ್ತಾ? ಕೂಗಿದಾಗ ಒಂದು ಓ ಅನ್ನಬಾರದಾಗಿತ್ತಾ?"

"ಓ ಅಂದಿದ್ರೆ ನೀವು ಮತ್ತೆ ಜೋಕು ಶುರು ಮಾಡ್ತಿದ್ರಿ." ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು. "ಅವಳು ನನಗೂ ಗೆಳತಿ ಕಣ್ರೀ. ಇನ್ನೊಂದು ಸುತ್ತು ದೋಣಿ ಹತ್ತೋಣ, ಈ ಸಲ ನಿಮ್ಮ ಪಕ್ಕದಲ್ಲಿ ನಾನು ಕೂರ್ತೀನಿ. ನೀವು ಪೆಡಲು ತುಳೀರಿ, ಸಾಕು. ಮಾತು ನಾನಾಡ್ತೀನಿ."